ಏಳು ತಲೆಯ ಇಲಿಯನ್ನು ಕಥೆಯಿಂದ ತೆಗೆಯಬೇಡಿ

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಅಕ್ರೋಟ ಒಡೆಯುವ ಮರದ ಬೊಂಬೆಯೊಂದರ ಕಥೆಯಾದ ನಟ್‌ಕ್ರ್ಯಾಕರ್ ಬ್ಯಾಲೆಯ ವಿಡಿಯೊ ನೋಡಿ ಬಹಳ ಇಷ್ಟಪಟ್ಟಳು. ಮೂಲ ಕಥೆಯನ್ನೇ ಹೇಳೋಣವೆಂದು ಹಾಫ್‌ಮನ್ ಬರೆದ ಪುಸ್ತಕದ ಇಂಗ್ಲಿಷ್ ಅನುವಾದ ತರಿಸಿಕೊಂಡು, ದಿನವೂ ರಾತ್ರಿ ಸ್ವಲ್ಪ ಸ್ವಲ್ಪ ಕನ್ನಡದಲ್ಲಿ ಹೇಳುತ್ತ ಬಂದೆ. ಇಲಿಗಳ ರಾಜ ನೆಲ ಸೀಳಿಕೊಂಡು ಮೇಲೇಳುವಲ್ಲಿ ಒಂದು ದಿನ ನಿಲ್ಲಿಸಿದೆ. ಅಂದು ಅವಳು ನಿದ್ದೆ ಮಾಡಲಿಲ್ಲ. ಈಗ ನಮ್ಮ ನವರಾತ್ರಿಯ ಗೊಂಬೆಗಳೂ ರಾತ್ರಿ ಎದ್ದು ಓಡಾಡುತ್ತವೆಯೇ ಎಂದು ಕೇಳುತ್ತಾಳೆ, ಕಪಾಟಿನ ಬಾಗಿಲು ಹಾಕಿಸುತ್ತಾಳೆ. ಆದರೆ ಕಥೆ ಮುಂದುವರಿಸು ಎಂದು ಹಟವನ್ನೂ ಮಾಡುತ್ತಾಳೆ. ರಕ್ತ, ಏಳು ತಲೆ, ಬೆದರಿಕೆ ಇವನ್ನೆಲ್ಲ ಬಿಟ್ಟು ಹೇಳಲೇ, ಅಥವಾ ಕಥೆಯನ್ನೇ ಕೈಬಿಡಲೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ಕಥೆಯನ್ನು ಕೈಬಿಡಬೇಡಿ, ಇಲಿಯನ್ನೂ ತೆಗೆಯಬೇಡಿ. ನೀವು ಅಂದು ನಿಲ್ಲಿಸಿದ ಜಾಗವೊಂದೇ ತಪ್ಪಿದ್ದು. ಹದಿನಾಲ್ಕು ಸಣ್ಣ ಅಧ್ಯಾಯಗಳ ಈ ಕಥೆಯಲ್ಲಿ ಇಲಿಗಳ ರಾಜ ಮೊದಲು ಕಾಣಿಸಿಕೊಳ್ಳುವುದು ನಾಲ್ಕನೆಯದರಲ್ಲಿ, ಗೊಂಬೆಗಳಿಗೂ ಇಲಿಗಳಿಗೂ ಯುದ್ಧ ನಡೆಯುವುದು ಐದನೆಯದರಲ್ಲಿ. ಮರೀ ಎಂಬ ಆ ಪುಟ್ಟ ಹುಡುಗಿ ತನ್ನ ಹಾಸಿಗೆಯಲ್ಲಿ ಕಣ್ಣು ತೆರೆದು, ಹಿಮಗಟ್ಟಿದ ಕಿಟಕಿಯ ಗಾಜಿನ ಮೂಲಕ ಕೋಣೆಗೆ ಬೀಳುತ್ತಿರುವ ಬಿಸಿಲನ್ನು ಕಾಣುವುದು ಆರನೆಯದರ ಆರಂಭದಲ್ಲಿ. ಈ ಮೂರನ್ನು ಒಂದೇ ಬಾರಿಗೆ, ಸಾಧ್ಯವಾದರೆ ಭಾನುವಾರದ ಹಗಲಿನಲ್ಲಿ, ಹೇಳಿ ಮುಗಿಸಬೇಕು. ನಿಮ್ಮ ಮಗಳು ಅಂದು ರಾತ್ರಿಯೆಲ್ಲ ಬಿರುಕು ಬಿಟ್ಟ ಆ ನೆಲದ ಮುಂದೆಯೇ ನಿಂತಿದ್ದಳು. ಬೆಳಗಿನ ಬಿಸಿಲಿನವರೆಗೆ ಅವಳನ್ನು ಯಾರೂ ಕರೆದೊಯ್ದಿರಲಿಲ್ಲ. ಅವಳು ಕಥೆ ಮುಂದುವರಿಸು ಎನ್ನುತ್ತಿರುವುದು ಬರಿಯ ಹಟವಲ್ಲ, ಅದೇ ಸರಿಯಾದ ಬೇಡಿಕೆ.

ನೀವು ನೋಡಿದ ಬ್ಯಾಲೆಗೂ ಈ ಪುಸ್ತಕಕ್ಕೂ ಇರುವ ದೂರವನ್ನು ಮೊದಲು ಹೇಳಬೇಕು. ಹಾಫ್‌ಮನ್ ಈ ಕಥೆಯನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದ್ದು 1816ರಲ್ಲಿ. 1844ರಲ್ಲಿ ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ ಅದನ್ನು ತನ್ನ ರೀತಿಯಲ್ಲಿ ಮತ್ತೆ ಹೇಳಿದ. ಆ ರೂಪವನ್ನು ಆಧರಿಸಿದ ಬ್ಯಾಲೆ ಚೈಕಾವ್‌ಸ್ಕಿಯ ಸಂಗೀತದೊಡನೆ 1892ರ ಡಿಸೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮರಿಯಿನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಬಾರಿಗೆ ರಂಗವೇರಿತು. ಬ್ಯಾಲೆಯಲ್ಲಿ ಹುಡುಗಿ ಚಪ್ಪಲಿ ಎಸೆಯುತ್ತಾಳೆ, ಇಲಿಗಳ ರಾಜ ಸೋಲುತ್ತಾನೆ, ಮೊದಲ ಅಂಕದಲ್ಲೇ ಕೆಡುಕಿನ ಲೆಕ್ಕ ಚುಕ್ತಾ ಆಗಿ, ಉಳಿದದ್ದೆಲ್ಲ ಸಿಹಿತಿಂಡಿಗಳ ನಾಡಿನ ನೃತ್ಯ. ಪುಸ್ತಕದಲ್ಲಿ ಹಾಗಿಲ್ಲ. ಅಲ್ಲಿ ಗೊಂಬೆಗಳ ಸೈನ್ಯ ಸೋಲುವ ಹಂತಕ್ಕೆ ಬಂದಿರುತ್ತದೆ; ಮರೀ ತನ್ನ ಎಡಗಾಲಿನ ಪಾದರಕ್ಷೆಯನ್ನು ಕಿತ್ತು ಇಲಿಗಳ ಗುಂಪಿನ ನಡುವೆ ರಾಜನತ್ತ ಎಸೆದ ಕ್ಷಣದಲ್ಲಿ ಎಲ್ಲವೂ ಮಾಯವಾಗಿ, ತೋಳಿನಲ್ಲಿ ಚುಚ್ಚಿದ ನೋವಿನಿಂದ ಅವಳು ಎಚ್ಚರ ತಪ್ಪಿ ಬೀಳುತ್ತಾಳೆ. ಗೆದ್ದವರು ಯಾರೆಂದು ಗೊತ್ತಾಗುವುದಿಲ್ಲ. ಇಲಿಗಳ ರಾಜ ಬದುಕಿದ್ದಾನೆ, ಮತ್ತೆ ಬರುತ್ತಾನೆ. ಮಕ್ಕಳ ಮನಸ್ಸನ್ನು ಕಾಡುವ ಕೆಡುಕು ಒಂದೇ ರಾತ್ರಿಯಲ್ಲಿ ಮುಗಿಯುವುದಿಲ್ಲ ಎಂಬುದು ಹಾಫ್‌ಮನ್‌ಗೆ ಗೊತ್ತಿತ್ತು. ಪುಸ್ತಕ ಬ್ಯಾಲೆಗಿಂತ ಆಳಕ್ಕಿಳಿಯುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಈತ ಯಾರೆಂಬುದನ್ನೂ ಸ್ವಲ್ಪ ತಿಳಿದುಕೊಳ್ಳಿ. 1776ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದ ಹಾಫ್‌ಮನ್ ಬರ್ಲಿನ್‌ನಲ್ಲಿ ನ್ಯಾಯಾಧೀಶನಾಗಿದ್ದ, ಸಂಗೀತ ರಚನೆಕಾರನೂ ಆಗಿದ್ದ. ಮೊತ್ಸಾರ್ಟ್‌ನ ಮೇಲಿನ ಅಭಿಮಾನದಿಂದ ತನ್ನ ಹೆಸರಿನ ಒಂದು ಭಾಗವನ್ನೇ ತೆಗೆದು ಅಮಡೇಯುಸ್ ಎಂದು ಇಟ್ಟುಕೊಂಡವನು. ಗೆಳೆಯ ಹಿಟ್ಸಿಗ್‌ನ ಮಕ್ಕಳಾದ ಮರೀ ಮತ್ತು ಫ್ರಿಟ್ಸ್‌ಗಾಗಿ ಹೆಣೆದ ಕಥೆ ಇದು, ಆ ಇಬ್ಬರ ಹೆಸರುಗಳೇ ಕಥೆಯಲ್ಲೂ ಇವೆ. ಆ ಫ್ರಿಟ್ಸ್ ಮುಂದೆ ಬರ್ಲಿನ್‌ನ ಹೆಸರಾಂತ ವಾಸ್ತುಶಿಲ್ಪಿಯಾದ. ಇನ್ನೊಂದು ಸಂಗತಿಯೂ ಮುಖ್ಯ: 1813ರಲ್ಲಿ ನೆಪೋಲಿಯನ್‌ನ ಸೈನ್ಯ ಡ್ರೆಸ್ಡನ್‌ನಲ್ಲಿ ಕಾದಾಡಿದಾಗ ಹಾಫ್‌ಮನ್ ಅದೇ ಊರಿನಲ್ಲಿದ್ದ, ರಣರಂಗವನ್ನು ಕಣ್ಣಾರೆ ಕಂಡಿದ್ದ. ಮೂರು ವರ್ಷಗಳ ಬಳಿಕ ಮನೆಯ ಕೋಣೆಯ ನೆಲದ ಮೇಲೆ ಅವನು ನಡೆಸಿದ ಆಟಿಕೆಗಳ ಯುದ್ಧದಲ್ಲಿ ಹಿಮ್ಮೆಟ್ಟುವವರಿದ್ದಾರೆ, ಹಿಂದೆ ಸರಿದು ನಿಲ್ಲುವವರಿದ್ದಾರೆ. ಇಲಿಗಳು ಸಿಡಿಸುವ ಕೊಳಕು ಗುಂಡುಗಳಿಂದ ತಮ್ಮ ಕೆಂಪು ಅಂಗಿ ಹಾಳಾಗುತ್ತದೆಂದು, ಕಥೆಯಲ್ಲಿ ಮರೀಯ ಅಣ್ಣನಾದ ಫ್ರಿಟ್ಸ್‌ನ ಆಟಿಕೆ ಅಶ್ವಯೋಧರು ಮುಂದೆ ನುಗ್ಗದೆ ನಿಲ್ಲುತ್ತಾರೆ. ಆಮೇಲೆ ಅಕ್ಕತಂಗಿಯರ ಮಾತನ್ನೆಲ್ಲ ಕೇಳುವ ಗೋಜಿಗೆ ಹೋಗದ ಆ ಹುಡುಗ, ತನ್ನ ಯೋಧರು ಹೇಡಿಗಳಾದರೆಂಬ ಸುದ್ದಿ ಕೇಳಿದೊಡನೆ ಕಪಾಟಿನ ಬಳಿಗೆ ಹೋಗಿ, ಅವರಿಗೆ ಭಾಷಣ ಬಿಗಿದು, ಟೋಪಿಯ ಮೇಲಿನ ಲಾಂಛನವನ್ನು ಒಬ್ಬೊಬ್ಬರದಾಗಿ ಕತ್ತರಿಸಿ, ಒಂದು ವರ್ಷ ತಮ್ಮ ಪಡೆಯ ಕಹಳೆಗೀತೆಯನ್ನು ಊದಕೂಡದೆಂದು ಶಿಕ್ಷೆ ವಿಧಿಸುತ್ತಾನೆ. ಈ ಭಾಗವನ್ನು ನಿಧಾನವಾಗಿ ಓದಿ. ಮಕ್ಕಳು ಇಲ್ಲಿ ನಗುತ್ತಾರೆ, ಆ ನಗು ಹಿಂದಿನ ಭಯವನ್ನು ಅರ್ಧ ಇಳಿಸಿಬಿಡುತ್ತದೆ.

ಈಗ ಕಥೆಯ ತಿರುಳಿಗೆ ಬರೋಣ. ಆಟಿಕೆಗೆ ಜೀವ ಬರುವುದು ಎಂದರೇನು ಎಂಬುದಕ್ಕೆ ಹಾಫ್‌ಮನ್ ಕೊಡುವ ಉತ್ತರ ಎರಡನೆಯ ಅಧ್ಯಾಯದಲ್ಲೇ ಇದೆ. ಅವಸರದ ಓದಿನಲ್ಲಿ ಅದು ಜಾರಿಹೋಗುತ್ತದೆ. ಕ್ರಿಸ್ಮಸ್ ಹಿಂದಿನ ಸಂಜೆ ಡ್ರಾಸೆಲ್‌ಮೈಯರ್ ಎಂಬ ಹಿರಿಯ, ಗಡಿಯಾರಗಳ ಒಳಗನ್ನೆಲ್ಲ ಬಲ್ಲ ನ್ಯಾಯಾಲಯದ ಅಧಿಕಾರಿ, ಮಕ್ಕಳಿಗಾಗಿ ತಾನೇ ಮಾಡಿದ ಒಂದು ಅರಮನೆಯನ್ನು ತರುತ್ತಾನೆ. ಚಿನ್ನದ ಗೋಪುರಗಳು, ಕನ್ನಡಿಯ ಕಿಟಕಿಗಳು, ಒಳಗೆ ಕೀಲಿಯ ಬಲದಿಂದ ನಡೆದಾಡುವ, ಕುಣಿಯುವ ಸಣ್ಣ ಸಣ್ಣ ಜನ. ಮಕ್ಕಳು ಮೊದಲು ಬೆರಗಾಗುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಫ್ರಿಟ್ಸ್ ಕೇಳುತ್ತಾನೆ: ನಾನೂ ಒಳಗೆ ಹೋಗಬಹುದೇ? ಆ ಮನುಷ್ಯ ಬೇರೆ ಬಾಗಿಲಿನಿಂದ ಹೊರಗೆ ಬರಬಹುದೇ? ಆಗುವುದಿಲ್ಲ, ಯಂತ್ರವನ್ನು ಹೇಗೆ ಮಾಡಿದೆಯೋ ಹಾಗೆಯೇ ಅದು ನಡೆಯಬೇಕು ಎಂದು ಹಿರಿಯ ಸಿಡುಕುತ್ತಾನೆ. ಹಾಗಿದ್ದರೆ ನನಗೆ ಇದು ಬೇಡ ಎಂದು ಹುಡುಗ ತನ್ನ ಸೈನಿಕರ ಕಡೆಗೆ ಓಡುತ್ತಾನೆ. ತಾನಾಗಿ ಅಲುಗಾಡುವ ಗೊಂಬೆ ಮಕ್ಕಳ ಪಾಲಿಗೆ ಸತ್ತಿದೆ. ಏನೂ ಮಾಡದೆ ಸುಮ್ಮನೆ ನಿಂತ, ಅಕ್ರೋಟ ಒಡೆಯುವುದೊಂದೇ ಗೊತ್ತಿರುವ ಮರದ ಬೊಂಬೆ ಮರೀಯ ಪಾಲಿಗೆ ಬದುಕಿದೆ. ಗುಂಡಿ ಒತ್ತಿದರೆ ಹಾಡುವ ಇಂದಿನ ಆಟಿಕೆಗಳು ಎರಡೇ ದಿನಕ್ಕೆ ಮೂಲೆ ಸೇರಿ, ಕೈ ಮುರಿದ ಹಳೆಯ ಗೊಂಬೆ ಹಾಸಿಗೆಯಲ್ಲೇ ಉಳಿಯುವುದನ್ನು ಕಂಡ ತಾಯಂದಿರಿಗೆ ಈ ಪುಟವನ್ನು ವಿವರಿಸಬೇಕಾಗಿಲ್ಲ.

ಆ ಮರದ ಬೊಂಬೆಯ ಬಗ್ಗೆಯೂ ಎರಡು ಮಾತು. ನಟ್‌ಕ್ರ್ಯಾಕರ್ ಮೂಲತಃ ನಮ್ಮ ಅಡಕತ್ತರಿಯ ಹಾಗೆ ಮನೆಬಳಕೆಯ ಸಾಧನ: ಬೆನ್ನ ಹಿಂದಿನ ಪಟ್ಟಿಯನ್ನು ಎತ್ತಿದರೆ ಬಾಯಿ ತೆರೆಯುತ್ತದೆ, ಕಾಯಿಯನ್ನು ಇಟ್ಟು ಒತ್ತಿದರೆ ದವಡೆ ಅದನ್ನು ಒಡೆಯುತ್ತದೆ. ಇಂದು ಚಿತ್ರಗಳಲ್ಲಿ ಕಾಣುವ, ಕೆಂಪು ಅಂಗಿ ಮತ್ತು ಕಿರೀಟದ ರೂಪ ಜರ್ಮನಿಯ ಎರ್ಟ್ಸ್‌ಗೆಬಿರ್ಗ ಬೆಟ್ಟಸೀಮೆಯ ಸೈಫನ್ ಊರಿನ ಮರಗೆಲಸದವರಿಂದ, 1870ರ ಸುಮಾರಿಗೆ, ಅಂದರೆ ಕಥೆ ಬಂದು ಅರ್ಧ ಶತಮಾನದ ಮೇಲೆ, ರೂಢಿಗೆ ಬಂದದ್ದು. ಹಾಫ್‌ಮನ್‌ನ ಬೊಂಬೆಯದು ಬೇರೆಯೇ ವೇಷ. ದೊಡ್ಡ ತಲೆ, ಸಣಕಲು ಕಾಲು, ನೇರಳೆ ಬಣ್ಣದ ಅಂಗಿ, ಅದರ ಹಿಂದೆ ಮರದ್ದೇನೋ ಎನ್ನಿಸುವ ಒಂದು ಅಂದಗೇಡಿ ನಿಲುವಂಗಿ, ತಲೆಯ ಮೇಲೆ ಗಣಿ ಕೆಲಸಗಾರರ ಟೋಪಿ. ಫ್ರಿಟ್ಸ್ ಬೇಕೆಂದೇ ಅತ್ಯಂತ ಗಟ್ಟಿಯಾದ ಕಾಯಿಗಳನ್ನು ಬಾಯಿಗೆ ತುರುಕಿ ಅದರ ಮೂರು ಹಲ್ಲು ಉದುರಿಸಿದಾಗ, ಮರೀ ಅವನ್ನು ಆರಿಸಿಕೊಂಡು, ತನ್ನ ಉಡುಪಿನ ಬಿಳಿ ರಿಬ್ಬನ್ನನ್ನು ಬಿಚ್ಚಿ ಸಡಿಲಾದ ದವಡೆಗೆ ಕಟ್ಟುತ್ತಾಳೆ. ಗೊಂಬೆ ಅಲುಗಾಡುವುದು ಆಮೇಲೆ. ಮೊದಲು ಶುಶ್ರೂಷೆ, ನಂತರ ಜೀವ ಎಂಬ ಈ ಅನುಕ್ರಮವನ್ನು ನೀವು ಹೇಳುವಾಗ ಬದಲಿಸದಿರಿ.

ಇನ್ನು ನಿಮ್ಮನ್ನು ಕಾಡುತ್ತಿರುವ ಇಲಿ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಗಮನಿಸಿ: ಕಾಡಿನಿಂದಲ್ಲ, ಏಳು ಸಮುದ್ರಗಳ ಆಚೆಯ ದ್ವೀಪದಿಂದಲ್ಲ, ಮನೆಯ ನೆಲದಡಿಯ ಮರಳು, ಸುಣ್ಣ, ಪುಡಿಯಾದ ಇಟ್ಟಿಗೆಗಳನ್ನು ಮೇಲಕ್ಕೆ ತಳ್ಳಿಕೊಂಡು. ಈ ಕಾರಣಕ್ಕೇ ಮಗುವಿಗೆ ಭಯ ಹೆಚ್ಚು, ಈ ಕಾರಣಕ್ಕೇ ಕಥೆ ನಿಜವೆನ್ನಿಸುವುದೂ ಹೆಚ್ಚು. ಆದರೆ ಹಾಫ್‌ಮನ್ ಆ ಕೆಡುಕಿಗೆ ಒಂದು ಪೂರ್ವಕಥೆಯನ್ನು ಕೊಡುತ್ತಾನೆ. ಮರೀ ಗಾಯದಿಂದ ಹಾಸಿಗೆ ಹಿಡಿದಾಗ ಡ್ರಾಸೆಲ್‌ಮೈಯರ್ ಅವಳಿಗೆ ಗಟ್ಟಿ ಕಾಯಿಯ ಕಥೆಯನ್ನು ಹೇಳುತ್ತಾನೆ, ಏಳರಿಂದ ಒಂಬತ್ತನೆಯ ಅಧ್ಯಾಯದವರೆಗೆ. ಒಬ್ಬ ರಾಜನ ಔತಣಕ್ಕಾಗಿ ಇಟ್ಟ ಕೊಬ್ಬನ್ನು ಮೌಸೆರಿಂಕ್ಸ್ ಎಂಬ ಇಲಿಗಳ ರಾಣಿಯೂ ಅವಳ ಬಳಗವೂ ತಿಂದುಬಿಡುತ್ತವೆ. ರಾಜ ರೇಗಿ ಬೋನುಗಳನ್ನು ಮಾಡಿಸುತ್ತಾನೆ. ರಾಣಿಯ ಏಳು ಮಕ್ಕಳೂ ಬಂಧುಗಳೂ ಆ ಬೋನುಗಳಲ್ಲಿ ಸಾಯುತ್ತಾರೆ. ಅವಳು ಸೇಡಿಗೆ ರಾಜಕುಮಾರಿ ಪಿರ್ಲಿಪಾಟ್‌ಳನ್ನು ಕುರೂಪಿಯಾಗಿಸುತ್ತಾಳೆ. ಕ್ರಾಕಟುಕ್ ಎಂಬ ಕಾಯಿಯನ್ನು ಹಲ್ಲಿನಿಂದ ಒಡೆದು ರಾಜಕುಮಾರಿಯನ್ನು ಬಿಡಿಸಿದ ತರುಣ, ಕಣ್ಣು ಮುಚ್ಚಿ ಏಳು ಹೆಜ್ಜೆ ಹಿಂದಕ್ಕೆ ಇಡುವಾಗ ಕೊನೆಯ ಹೆಜ್ಜೆಯಲ್ಲಿ ಮೌಸೆರಿಂಕ್ಸ್‌ಳನ್ನೇ ತುಳಿದು, ತಾನೇ ಮರದ ಬೊಂಬೆಯಂತಾಗುತ್ತಾನೆ. ತನ್ನನ್ನು ಉಳಿಸಿದವನ ಮುಖ ನೋಡಲಾರದೆ ರಾಜಕುಮಾರಿ ಅವನನ್ನು ಹೊರಗಟ್ಟಿಸುತ್ತಾಳೆ. ಏಳು ತಲೆಯ ಮಗ ಸೇಡು ತೀರಿಸುತ್ತಾನೆಂದು ಹೇಳಿ ಇಲಿರಾಣಿ ಪ್ರಾಣ ಬಿಡುತ್ತಾಳೆ.

ಬ್ಯಾಲೆ ಪೂರ್ತಿಯಾಗಿ ಬಿಟ್ಟಿರುವ ಭಾಗ ಇದು. ನೀವು ಬಿಡಬೇಡಿ. ಇದನ್ನು ಕೇಳಿದ ಮೇಲೆ ಇಲಿಗಳ ರಾಜ ಮಗುವಿನ ಕಣ್ಣಿಗೆ ಬರಿಯ ಭೂತವಾಗಿ ಉಳಿಯುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳ ದುಃಖ ಕೆಡುಕಾಗಿ ಬೆಳೆದದ್ದು, ಚೆಲುವೆಯಾದ ರಾಜಕುಮಾರಿ ಕೃತಘ್ನಳಾದದ್ದು, ಒಳ್ಳೆಯವನೊಬ್ಬ ತಪ್ಪಿಲ್ಲದೆ ವಿಕಾರ ರೂಪ ಹೊತ್ತದ್ದು, ಇವೆಲ್ಲವನ್ನೂ ಏಳು ವರ್ಷದ ಮಗು ತೂಗಿ ನೋಡಬಲ್ಲದು. ನಾನು ಮಕ್ಕಳಿಗೆ ಈ ಭಾಗವನ್ನು ಓದಿ ಹೇಳಿದಾಗಲೆಲ್ಲ, ಕೊಬ್ಬು ತಿಂದದ್ದಕ್ಕೆ ಅಷ್ಟು ದೊಡ್ಡ ಶಿಕ್ಷೆಯೇ ಎಂಬ ಪ್ರಶ್ನೆ ಮಕ್ಕಳ ನಡುವಿನಿಂದ ಎದ್ದೇ ಎದ್ದಿದೆ. ಉತ್ತರ ಕೊಡಲು ಅವಸರ ಮಾಡಬೇಡಿ. ಹೆಸರುಗಳು ನಾಲಿಗೆಗೆ ತೊಡಕೆನಿಸಿದರೆ ಇಲಿರಾಣಿ, ಗಟ್ಟಿಕಾಯಿ ಎಂದೇ ಹೇಳಿಕೊಳ್ಳಬಹುದು.

ನಿಜವಾಗಿ ಎದೆ ಹಿಡಿಯುವ ಭಾಗ ಇದಾದ ಮೇಲೆ ಬರುತ್ತದೆ, ನೀವು ಬೆದರಿಕೆ ಎಂದು ಕರೆದ ಭಾಗವೇ ಅದು. ಬೆಳದಿಂಗಳ ರಾತ್ರಿ ಇಲಿಗಳ ರಾಜ ಗೋಡೆಯ ತೂತಿನಿಂದ ನುಸುಳಿ, ಮರೀಯ ಮಂಚದ ಪಕ್ಕದ ಮೇಜಿನ ಮೇಲೆ ಹಾರಿ ಕುಳಿತು, ನಿನ್ನ ಸಕ್ಕರೆ ಉಂಡೆಗಳನ್ನೂ ಬಾದಾಮಿ ಮಿಠಾಯಿಯನ್ನೂ ಕೊಡದಿದ್ದರೆ ನಿನ್ನ ಬೊಂಬೆಯನ್ನು ಕಚ್ಚಿ ಚೂರುಮಾಡುತ್ತೇನೆ ಎನ್ನುತ್ತಾನೆ. ಅವಳು ಕೊಡುತ್ತಾಳೆ. ಮರುರಾತ್ರಿ ಸಕ್ಕರೆಯ ಗೊಂಬೆಗಳು ಬೇಕು ಎನ್ನುತ್ತಾನೆ. ಸಂಜೆ ಅವಳು ಕಪಾಟಿನ ಮುಂದೆ ಕುಳಿತು ಒಂದೊಂದಾಗಿ ಅವನ್ನು ತೆಗೆದು ಜೋಡಿಸುತ್ತಾಳೆ: ಕುರಿಗಾಹಿ, ಅವನ ಜೊತೆಗಾತಿ, ಹಾಲು ಬಿಳುಪಿನ ಕುರಿಮಂದೆ, ನಾಯಿ, ಅವುಗಳ ಮೂಲೆಯಲ್ಲಿ ಕೆಂಪು ಕೆನ್ನೆಯ ಒಂದು ಪುಟ್ಟ ಮಗು, ಎಲ್ಲಕ್ಕಿಂತ ಅವಳಿಗೆ ಪ್ರಿಯವಾದದ್ದು. ಅದನ್ನು ಕಂಡಾಗ ಕಣ್ಣು ತುಂಬಿಕೊಳ್ಳುತ್ತದೆ, ಆದರೂ ಇಡುತ್ತಾಳೆ. ಮೂರನೆಯ ಸಲ ಚಿತ್ರಪುಸ್ತಕಗಳನ್ನೂ ಹಬ್ಬದ ಹೊಸ ಉಡುಪನ್ನೂ ಕೇಳುತ್ತಾನೆ. ಆಗ ಅವಳಿಗೆ ತಿಳಿಯುತ್ತದೆ: ಕೊಡುತ್ತ ಹೋದರೆ ಕೊನೆಗೆ ಅವನು ತನ್ನನ್ನೇ ಕೇಳುತ್ತಾನೆ. ಅಳುತ್ತ ಬೊಂಬೆಯನ್ನು ಕೈಗೆತ್ತಿಕೊಂಡು ಅದರ ಕತ್ತಿನ ಮೇಲಿದ್ದ ರಕ್ತದ ಕಲೆಯನ್ನು ಕರವಸ್ತ್ರದಿಂದ ಒರೆಸುತ್ತಿರುವಾಗ, ಅದು ಅಂಗೈಯಲ್ಲಿ ಬಿಸಿಯಾಗಿ ಅಲುಗಿ, ಪುಸ್ತಕವನ್ನೂ ಉಡುಪನ್ನೂ ಕೊಡಬೇಡ, ನನಗೊಂದು ಕತ್ತಿ ತಂದುಕೊಡು ಎಂದು ಹೇಳಿ ಮತ್ತೆ ಮರವಾಗುತ್ತದೆ. ಫ್ರಿಟ್ಸ್ ತನ್ನ ಪಡೆಯ ನಿವೃತ್ತ ಮುದುಕ ಅಧಿಕಾರಿಯೊಬ್ಬನ ಕತ್ತಿಯನ್ನು ಕೊಡುತ್ತಾನೆ, ಆ ಮುದುಕನಿಗೆ ಇನ್ನು ಅದರ ಅಗತ್ಯವಿಲ್ಲವೆಂದು. ಅದೇ ರಾತ್ರಿ ಇಲಿಗಳ ರಾಜ ಸಾಯುತ್ತಾನೆ. ಬಾಗಿಲು ತಟ್ಟಿ ಬಂದ ಬೊಂಬೆ ಏಳು ಪುಟ್ಟ ಚಿನ್ನದ ಕಿರೀಟಗಳನ್ನು ಮರೀಗೆ ಒಪ್ಪಿಸುತ್ತದೆ.

ಇದರಲ್ಲಿ ಏನನ್ನು ಬಿಡಲು ಸಾಧ್ಯ? ರಕ್ತದ ಕಲೆಯನ್ನು ಬಿಟ್ಟರೆ ಅವಳು ಒರೆಸುವುದೂ ಇಲ್ಲ, ಬೊಂಬೆ ಬಿಸಿಯಾಗುವುದೂ ಇಲ್ಲ. ಬೆದರಿಕೆಯನ್ನು ಬಿಟ್ಟರೆ ಕೆಂಪು ಕೆನ್ನೆಯ ಮಗುವಿಗೆ ಬೆಲೆಯೇ ಇರುವುದಿಲ್ಲ. ಆಟಿಕೆಗಳು ತಾವಾಗಿಯೇ ಕೆಡುಕನ್ನು ಗೆಲ್ಲಲಾರವು, ಮಗುವೊಂದು ತನ್ನದನ್ನು ಕೊಟ್ಟು ಅವುಗಳ ಜೊತೆ ನಿಲ್ಲಬೇಕು, ಆದರೆ ಎಷ್ಟು ಕೊಡಬೇಕೆಂಬುದಕ್ಕೂ ಒಂದು ಗೆರೆಯಿದೆ ಎಂಬ ಕಥೆ ಇದು. ಶಾಲೆಯಲ್ಲಿ ಪೆನ್ಸಿಲ್ ಕಿತ್ತುಕೊಳ್ಳುವ, ನಾಳೆ ತಿಂಡಿ ಡಬ್ಬಿ ಕೇಳುವ ಸಹಪಾಠಿಯನ್ನು ಕಂಡಿರುವ ಮಗುವಿಗೆ ಇಲಿಗಳ ರಾಜ ಯಾರೆಂದು ಹೇಳಿಕೊಡಬೇಕಾಗಿಲ್ಲ.

ನಿಮ್ಮ ಮಗಳಿಗಿಂತ ಹೆಚ್ಚಾಗಿ ನಿಮಗಾಗಿಯೇ ಇರುವ ಒಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಮರೀ ಆ ಏಳು ಕಿರೀಟಗಳನ್ನು ತಂದೆ ತಾಯಿಗೆ ತೋರಿಸುತ್ತಾಳೆ. ಇವು ಎಲ್ಲಿಂದ ಬಂದವು, ನಿಜ ಹೇಳು ಎಂದು ಅವರು ಗದರುತ್ತಾರೆ; ಅವಳು ಹೇಳಿದ್ದು ನಿಜವೇ, ಆದರೆ ನಂಬುವವರಿಲ್ಲ. ಎಲ್ಲವನ್ನೂ ಬಲ್ಲ ಡ್ರಾಸೆಲ್‌ಮೈಯರ್ ಒಳಗೆ ಬಂದು, ಇವು ನನ್ನ ಗಡಿಯಾರದ ಸರಪಳಿಯಲ್ಲಿದ್ದವು, ಅವಳ ಎರಡನೆಯ ಹುಟ್ಟುಹಬ್ಬಕ್ಕೆ ನಾನೇ ಕೊಟ್ಟಿದ್ದೆ ಎಂದು ನಕ್ಕುಬಿಡುತ್ತಾನೆ. ಇನ್ನೊಮ್ಮೆ ಈ ಮಾತೆತ್ತಿದರೆ ಆ ಬೊಂಬೆಯನ್ನಷ್ಟೇ ಅಲ್ಲ, ನಿನ್ನ ಎಲ್ಲ ಗೊಂಬೆಗಳನ್ನೂ ಕಿಟಕಿಯಿಂದ ಹೊರಗೆ ಎಸೆಯುತ್ತೇನೆ ಎಂದು ತಂದೆ ಗುಡುಗುತ್ತಾನೆ. ಇಲಿಯ ಬೆದರಿಕೆಗೂ ಈ ಬೆದರಿಕೆಗೂ ಎಷ್ಟು ಹೋಲಿಕೆ ನೋಡಿ. ಮರೀ ಆಮೇಲೆ ಬಾಯಿ ಬಿಡುವುದಿಲ್ಲ. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಲಕುವ ಪುಟ ಇದು, ಯುದ್ಧದ ಪುಟಗಳಲ್ಲ.

ಮಕ್ಕಳಿಗೆ ಇದು ಅರ್ಥವಾಗುತ್ತದೆಯೇ ಎಂಬ ಆಕ್ಷೇಪ ಹಾಫ್‌ಮನ್‌ನ ಕಾಲದಲ್ಲೇ ಇತ್ತು. 1819ರಲ್ಲಿ ಈ ಕಥೆಯನ್ನು ತನ್ನ ಕಥಾಸಂಕಲನವೊಂದಕ್ಕೆ ಸೇರಿಸಿಕೊಂಡಾಗ, ಅದನ್ನು ಕೇಳಿದ ಗೆಳೆಯರು ತಮ್ಮತಮ್ಮಲ್ಲಿ ವಾದಿಸುವ ಒಂದು ಸಂಭಾಷಣೆಯನ್ನೂ ಅವನು ಬರೆದಿದ್ದಾನೆ. ಇದರ ಸೂಕ್ಷ್ಮ ಎಳೆಗಳು ಮಕ್ಕಳಿಗೆ ಎಟುಕುವುದಿಲ್ಲವೆಂದು ಒಬ್ಬನೆಂದರೆ, ಚುರುಕು ಕಲ್ಪನೆಯ ಮಕ್ಕಳು ಸಪ್ಪೆ ಕಥೆಗಳಿಂದ ತೃಪ್ತರಾಗುತ್ತಾರೆಂದು ತಿಳಿಯುವುದೇ ದೊಡ್ಡ ತಪ್ಪೆಂದು ಕಥೆ ಹೇಳಿದವನು ಉತ್ತರಿಸುತ್ತಾನೆ. ನಾನು ಎರಡನೆಯವನ ಪಕ್ಷ.

ಒಂದು ಜಾಗದಲ್ಲಿ ಮಾತ್ರ ನೀವು ನಿಮ್ಮ ಮಾತಿನಲ್ಲಿ ಹೇಳಬಹುದು. ಕೊನೆಯಲ್ಲಿ ಬೊಂಬೆ ಮತ್ತೆ ತರುಣನಾಗಿ ಬಂದು, ಮರೀಗೂ ಅವನಿಗೂ ಮದುವೆಯ ಮಾತಾಗಿ, ವರ್ಷ ಕಳೆದ ಮೇಲೆ ಅವನು ಅವಳನ್ನು ಗೊಂಬೆಗಳ ನಾಡಿಗೆ ಕರೆದೊಯ್ಯುತ್ತಾನೆ. ಏಳು ವರ್ಷದ ಹುಡುಗಿಯ ಮದುವೆಯ ಮಾತು ನಮ್ಮ ಮನೆಗಳಲ್ಲಿ ಇಂದು ಹೇಳುವಂಥದ್ದಲ್ಲ. ಅವಳು ಆ ನಾಡಿನ ರಾಣಿಯಾದಳು ಎಂದಷ್ಟೇ ಹೇಳಿದರೆ ಕಥೆಗೆ ಯಾವ ಊನವೂ ಆಗುವುದಿಲ್ಲ. ಏಕೆಂದರೆ ಪಿರ್ಲಿಪಾಟ್‌ಳ ಹಾಗೆ ನಾನು ನಿನ್ನನ್ನು ದೂಡುತ್ತಿರಲಿಲ್ಲ ಎಂದು ಮರೀ ಹೇಳುವುದರಲ್ಲೇ ಶಾಪ ಕಳೆದಾಗಿರುತ್ತದೆ.

ಕಡೆಯದಾಗಿ, ನವರಾತ್ರಿಯ ಗೊಂಬೆಗಳು ರಾತ್ರಿ ಏಳುತ್ತವೆಯೇ ಎಂಬ ಪ್ರಶ್ನೆ. ಇಲ್ಲವೆಂದು ನಕ್ಕರೆ ನೀವು ಮರೀಯ ತಂದೆಯಾಗುತ್ತೀರಿ. ಹೌದೆಂದರೆ ಅವಳು ಮತ್ತೆ ನಿದ್ದೆಗೆಡುತ್ತಾಳೆ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ, ಆಮೇಲೆ ಪೆಟ್ಟಿಗೆಗೆ ಇಡುವ ಪದ್ಧತಿ ನಿಮ್ಮ ಊರಿನ ಮನೆಗಳಲ್ಲಿದೆ. ಅದನ್ನು ಮಲಗಿಸುವ ಹಿರಿಯರ ಕೈ ಎಷ್ಟು ಮೆಲ್ಲಗಿರುತ್ತದೆಂದು ಮಗಳು ಕಂಡಿರುತ್ತಾಳೆ. ಆಗ ಯಾರೂ ಅವಳಿಗೆ ಇದು ಬರಿಯ ಮರ ಎಂದು ಹೇಳಿರುವುದಿಲ್ಲ. ಅದೇ ಗಾಂಭೀರ್ಯದಿಂದ ಅವಳನ್ನು ಕೇಳಿ: ಇಲಿ ಬಂದರೆ ಇವುಗಳಲ್ಲಿ ಯಾರು ಮುಂದೆ ನಿಲ್ಲುತ್ತಾರೆ? ಅವಳು ಆರಿಸಿದ ಗೊಂಬೆಯನ್ನು ಕಪಾಟಿನಿಂದ ಹೊರಗೆ ತೆಗೆದು ಅವಳ ದಿಂಬಿನ ಹತ್ತಿರ ಇಡಿ. ಕಪಾಟಿನ ಬಾಗಿಲನ್ನು ಮುಚ್ಚುವುದೋ ತೆರೆದಿಡುವುದೋ, ಅದನ್ನು ಅವಳೇ ಮಾಡಲಿ. ಆಮೇಲೆ ನಾಲ್ಕನೆಯ ಅಧ್ಯಾಯದಿಂದ ಮತ್ತೆ ಶುರುಮಾಡಿ.